ಯಾವ ಬ್ಲೇಡು

ಗಂಡನ ತಿಥಿ ಮುಗಿದ ಮರುದಿನ ಬೆಳಿಗ್ಗೆ, ಅತ್ತೆ ತಾಯಕ್ಕ ಕಂಪ್ಲಿಯಿಂದ ತರಿಸಿದ ಎರಡು ಬಗೆಯ ಬ್ಲೇಡುಗಳನ್ನು ಗಂಗೋತ್ರಿಯ ಮುಂದಿಟ್ಟಳು. "ಜಂಬುನಾಥಂದು ಹನ್ನೊಂದು ದಿನದ ಗಡ್ಡ. ಯಾವ್ದು ಛಲೋ, ನೀನಾ ಆರಿಸವ್ವ."

ಗಂಡನ ಸೂಕ್ಷ್ಮ ಚರ್ಮಕ್ಕೆ ಯಾವುದು ಒಗ್ಗುತ್ತದೆಂದು ಅವಳಿಗೆ ಗೊತ್ತಿತ್ತು. ಮೈದುನ ಜಂಬುನಾಥನ ಕೆನ್ನೆಯನ್ನು ಅವಳು ದಿಟ್ಟಿಸಿ ನೋಡಿದ್ದೇ ಇಲ್ಲ. "ನನಗೇನ್ ಗೊತ್ತತ್ತಿ, ಅವರನ್ನಾ ಕೇಳ್ರಿ."

"ತಿಳ್ಕಾಬೇಕವ್ವ. ಮುಂದಿನ ತಿಂಗ್ಳು ಅವನ ಕೂಡ ನಿಂದು ಉಡಿಕಿ ಮದುವಿ ಮಾಡಿಸ್ತೀವಿ. ಮನಿ ಸೊಸಿ ಮನ್ಯಾಗ ಇರ್ತಿ." ಬಚ್ಚಲ ಬಾಗಿಲಲ್ಲಿ ಜಂಬುನಾಥ್, ಅಣ್ಣ ಬಳಸುತ್ತಿದ್ದ ರೇಜರ್ ಹಿಡಿದು ಕಾಯುತ್ತಿದ್ದ.

ಗಂಗೋತ್ರಿ ಬ್ಲೇಡು ಮುಟ್ಟಲಿಲ್ಲ. ಅವನ ಕೈಯಿಂದ ರೇಜರ್ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಪಕ್ಕದ ಮನೆಯ ಜಡೆಪ್ಪನ ಬಾಗಿಲು ಬಡಿದಳು. "ಕಾಕಾ, ನಿಮ್ಮ ರೇಜರ್. ನಮ್ಮ ಮನಿಯವರು ಇಸ್ಕೊಂಡಿದ್ರು."

"ಇರ್ಲಿ ಬಿಡವ್ವ, ತಮ್ಮಗ ಬರ್ತೈತಿ."

"ಬ್ಯಾಡ್ರಿ," ಎಂದು ಗಂಗೋತ್ರಿ ಅದನ್ನು ಅವನ ಅಂಗೈಯಲ್ಲಿಟ್ಟಳು.