ಒಂದೇ ಹೆಸರಿನ ಎರಡು ಸಾಲು

"ಇದರಲ್ಲಿ ಯಾವುದನ್ನ ಕಿಲ್ ಮಾಡ್ಲಿ, ಅಂದ್ರೆ ನಿಲ್ಲಿಸ್ಲಿ ಅಕ್ಕಾ?" ಆಸ್ಪತ್ರೆಯ ಕಂಪ್ಯೂಟರಿನವನು ಕಪ್ಪು ಪರದೆಯ ಮೇಲೆ ಬೆರಳಾಡಿಸಿದ. ಅಲ್ಲಿ, ಓಡುತ್ತಿದ್ದ ಪ್ರೋಗ್ರಾಂಗಳ ಪಟ್ಟಿಯಲ್ಲಿ, ಒಂದೇ ಹೆಸರಿನ ಎರಡು ಸಾಲುಗಳಿದ್ದವು; ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಒಂದು, ಆಪರೇಷನ್ ಥಿಯೇಟರಿಗೆ ರಿಪೋರ್ಟು ಕಳಿಸುವ ಪ್ರೋಗ್ರಾಂ. ಕೆಟ್ಟು ಕೂತದ್ದು ಅದೇ. ಇನ್ನೊಂದು, ಪಕ್ಕದ ಯಂತ್ರದಲ್ಲಿ ರಕ್ತಪರೀಕ್ಷೆ ನಡೆಸುತ್ತಿದ್ದದ್ದು. ಯಂತ್ರದೊಳಗೆ ಎರಡು ದಿನದ ಹಸುಗೂಸಿನ ನಾಲ್ಕು ಹನಿ ರಕ್ತವಿತ್ತು. ಮತ್ತೆ ಚುಚ್ಚುವ ಮಾತೇ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೆ?" ಎಂದಳು ಲ್ಯಾಬಿನ ಅಕ್ಕ.

"ಎರಡೂ ಹೋಗುತ್ತೆ. ಕೂಸಿನ ಟೆಸ್ಟೂ ಹಾಳು." ಅವನು ಬಗ್ಗಿ ನೋಡಿದ. "ಶುರುವಾದ ಟೈಮ್ ಇದೆ ನೋಡಿ. ಒಂದು ಒಂಬತ್ತೂ ಹತ್ತು, ಇನ್ನೊಂದು ಹನ್ನೊಂದೂವರೆ. ರಿಪೋರ್ಟ್‌ದು ಬೆಳಗ್ಗೆ ತಾನೇ ಶುರುವಾಗೋದು. ಅಂದ್ರೆ ಹಳೇದನ್ನ ತೆಗೀಬೇಕು."

ಅಕ್ಕ ಗಡಿಯಾರ ನೋಡಿದಳು. ಪರೀಕ್ಷೆಗೆ ಮೂರು ಗಂಟೆ ಬೇಕು. ಒಂಬತ್ತೂ ಹತ್ತಕ್ಕೆ ಕೂಸಿನ ರಕ್ತ ಹಾಕಿದವಳು ಅವಳೇ. ರಿಪೋರ್ಟು ಹೋಗದಿದ್ದಾಗ ಆ ಪ್ರೋಗ್ರಾಮನ್ನು ಮುಚ್ಚಿ, ಹನ್ನೊಂದೂವರೆಗೆ ಮತ್ತೆ ತೆರೆದವಳೂ ಅವಳೇ. ಪರದೆಯ ತಲೆಯ ಮೇಲೆ ಅವನದೇ ಕೈಬರಹದ ಚೀಟಿ ಅಂಟಿತ್ತು: 'ನನ್ನನ್ನು ಕೇಳದೆ ಮುಟ್ಟಬೇಡಿ.' ವಿಷಯ ಅವಳಿಗೆ ಬಾಯಲ್ಲಿಟ್ಟುಕೊಂಡ ಬಿಸಿತುಪ್ಪವಾಗಿತ್ತು. ಅವನು ಹಳೆಯ ಸಾಲಿನ ಮುಂದಿದ್ದ ಸಂಖ್ಯೆಯ ಒಂದೊಂದೇ ಅಂಕಿ ಒತ್ತಿದ. ಬೆರಳು ಎಂಟರ್ ಮೇಲೆ ಬಂದು ನಿಂತಿತು.

"ತಡಿಯಪ್ಪಾ!" ಅವಳು ಅವನ ಮಣಿಕಟ್ಟು ಹಿಡಿದೇಬಿಟ್ಟಳು. "ಹಳೇದೇ ಕೂಸಿಂದು. ಹೊಸದು ನಾನು... ನಾನೇ ಒಂದ್ಸಲ ಮುಚ್ಚಿ ತೆಗೆದೆ."

ಅವನ ಮುಖ ಬಿಳಿಚಿಕೊಂಡಿತು. ಆ ಸಂಖ್ಯೆ ಅಳಿಸಿ ಹೊಸ ಸಾಲಿನದನ್ನು ಒತ್ತಿದ. ಅವಳು ಗಟ್ಟಿಯಾಗಿ ಓದಿದಳು, ಅವನೂ ಓದಿದ. ಎಂಟರ್.

ಪರದೆ ಏನೂ ಹೇಳಲಿಲ್ಲ.

"ಸರಿಯಾಯ್ತೇನೋ?"

"ಸರಿಯಾದ್ರೂ ಏನೂ ಹೇಳಲ್ಲ ಅಕ್ಕಾ, ತಪ್ಪಾದ್ರೂ ಏನೂ ಹೇಳಲ್ಲ."

ಅವಳು ಓಡಿಹೋಗಿ ಯಂತ್ರದ ಮೇಲೆ ಅಂಗೈ ಇಟ್ಟಳು, ಮಲಗಿದ ಮಗುವಿನ ಉಸಿರು ನೋಡುವವಳಂತೆ. ಒಳಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಓಡ್ತಿದೆ" ಎಂದಳು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತಕ್ಕಾ?"

"ಹೋದ ಸಲ ಹೀಗೇ ಮುಟ್ಟಿದಾಗ ಹೇಳಿದ್ದೆನಲ್ಲಪ್ಪಾ. ಎಲ್ಲರ ಎದುರಿಗೆ ನೀನು ಬೈದೆ."

ಅವನು ಪರದೆಯ ಮೇಲಿನ ತನ್ನ ಚೀಟಿಯತ್ತ ನೋಡಿದ. ಆಮೇಲೆ ಕೈ ಎತ್ತಿ, ಆ ಚೀಟಿಯ ಒಂದು ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ಕೀಳತೊಡಗಿದ.