ಮೂರು ಲೆನ್ಸು, ಒಂದು ಸೇರು

ಯಲ್ದೂರಿನ ಕಲ್ಯಾಣ ಮಂಟಪದಲ್ಲಿ ಆ ಭಾನುವಾರ ಬೆಳಿಗ್ಗೆ ಬಹಳ ಘನವಾದ ವಿಷಯವೊಂದು ತೀರ್ಮಾನವಾಗಬೇಕಿತ್ತು. ಅದು ಅರ್ಪಿತಳ ಮದುವೆಯಲ್ಲ. ಅದನ್ನು ಹಿರಿಯರು ಆರು ತಿಂಗಳ ಹಿಂದೆಯೇ ತೀರ್ಮಾನಿಸಿ ಮುಗಿಸಿದ್ದರು. ಉಳಿದಿದ್ದ ಪ್ರಶ್ನೆ ಇದು: ಮದುವೆ ಫೋಟೋಗೆ ಒಂದೇ ದೊಡ್ಡ ಝೂಮ್ ಲೆನ್ಸ್ ಸಾಕೋ, ಮೂರು ಬಿಡಿ ಲೆನ್ಸುಗಳೇ ಬೇಕೋ.

ಮೂರರ ಪಕ್ಷದಲ್ಲಿ ಶ್ರೀನಿವಾಸಪ್ಪನವರಿದ್ದರು. ಮೂವತ್ತು ವರ್ಷದಿಂದ ಶ್ರೀನಿವಾಸಪುರದಲ್ಲಿ ಸ್ಟುಡಿಯೋ ಇಟ್ಟವರು. ಇಡೀ ವೇದಿಕೆಗೊಂದು, ಜೋಡಿಗೊಂದು, ಮುಖಕ್ಕೊಂದು ಎಂದು ಮೂರು ಲೆನ್ಸುಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಎಳೆಗೂಸುಗಳಂತೆ ಬ್ಯಾಗಿನಲ್ಲಿ ಮಲಗಿಸುವವರು. ಎಂಟೇ ಸೆಕೆಂಡಿನಲ್ಲಿ ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಕಬಲ್ಲರೆಂದು ತಾಲ್ಲೂಕಿನಲ್ಲಿ ಹೆಸರು. ಆ ಬ್ಯಾಗನ್ನು ಐದು ವರ್ಷ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆದವಳು ಮೌನಿಕಾ. ಈಗ ಅವಳೇ ಸ್ವಂತಕ್ಕೊಂದು ಲೆನ್ಸು ತಂದಿದ್ದಳು: ಮೂರರ ಕೆಲಸವನ್ನೂ ಒಂದೇ ಮಾಡುವ, ಮಬ್ಬು ಬೆಳಕಿಗೂ ಹೆದರದ, ಒಂದೂಕಾಲು ಕಿಲೋ ತೂಗುವ ಝೂಮ್.

"ಝೂಮ್ ಅಂದ್ರೆ ಸೋಮಾರಿತನ ಕಣಮ್ಮ," ಎಂದರು ಶ್ರೀನಿವಾಸಪ್ಪ. "ಹತ್ರದ್ದು ಬೇಕು ಅಂದ್ರೆ ಹತ್ರ ಹೋಗ್ಬೇಕು. ದೇವ್ರು ಕಾಲು ಯಾಕೆ ಕೊಟ್ಟವ್ನೆ?"

"ಗಟ್ಟಿಮೇಳದ ಹೊತ್ನಲ್ಲಿ ಆ ಕಾಲು ಇಡೋಕೆ ಜಾಗ ಎಲ್ಲಿರ್ತದೆ ಸಾರ್?"

"ಸರಿ, ಇವತ್ತು ಇಬ್ರೂ ತೆಗಿಯಣ. ಒಂದೇ ಒಂದು ಫೋಟೋ ನಿಂದು ತಪ್ಪಿದ್ರೂ ಆ ಪಿರಂಗಿ ಬೀರು ಸೇರ್ಬೇಕು, ನೀನು ಮತ್ತೆ ನನ್ನ ಬ್ಯಾಗ್ ಹಿಡೀಬೇಕು."

"ನಿಮ್ದು ತಪ್ಪಿದ್ರೆ?"

ಶ್ರೀನಿವಾಸಪ್ಪ ನಕ್ಕರು. ಮೂವತ್ತು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. "ನಿನ್ನ ಬ್ಯಾಗ್ ನಾನು ಹಿಡೀತೀನಿ, ಹೋಗು."

ಊಟದ ಹಾಲಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಮದುಮಗಳ ಅಜ್ಜಿ ದೊಡ್ಡಮುನಿಯಮ್ಮ ಆಗಿನಿಂದ ಮೌನಿಕಾಳ ಲೆನ್ಸನ್ನೇ ನೋಡುತ್ತಿದ್ದರು. "ಏಮ್ಮಾ, ಆ ಸೇರಿಗೆ ಎಷ್ಟು ರಾಗಿ ಹಿಡೀತದೆ?"

"ಇಡೀ ಮದುವೆ ಹಿಡೀತದೆ ಅಜ್ಜಿ. ಬನ್ನಿ, ಮುಂದೆ ಕೂತ್ಕೊಳ್ಳಿ."

"ಗಂಡ ಇಲ್ದೋಳು ಮುಹೂರ್ತದಾಗ ಮುಂದೆ ಬರ್ತಾಳಾ? ನಂಗೆ ಇಲ್ಲೇ ಸರಿ. ಅಕ್ಷತೆ ಇಲ್ಲಿಂದ್ಲೇ ಹಾಕ್ತೀನಿ."

"ಗಟ್ಟಿಮೇಳ, ಗಟ್ಟಿಮೇಳ!" ಎಂದು ಪುರೋಹಿತರು ಕೂಗಿದ್ದೇ ತಡ, ದೂರದಿಂದ ಹಾರೈಸಿದರೆ ಆಶೀರ್ವಾದ ತಲುಪುವುದಿಲ್ಲವೆಂಬಂತೆ ಎರಡೂ ಕಡೆಯ ನೆಂಟರು ವೇದಿಕೆಗೆ ನುಗ್ಗಿದರು. ಬಾಳೆಕಂಬಕ್ಕೂ ಮದುಮಗಳ ಸೋದರಮಾವ ಕದಿರೇಶನ ಹೊಟ್ಟೆಗೂ ನಡುವೆ ಮೌನಿಕಾ ಸಿಕ್ಕಿಕೊಂಡಳು. ಕಾಲು ಅಲುಗಲಿಲ್ಲ, ಕೈ ಅಲುಗಿತು. ಲೆನ್ಸಿನ ಉಂಗುರ ಒಂದು ಕಡೆ ತಿರುಗಿದರೆ ಇಡೀ ವೇದಿಕೆ, ಇನ್ನೊಂದು ಕಡೆ ತಿರುಗಿದರೆ ತಾಳಿಯ ದಾರಕ್ಕೆ ಗಂಟು ಬಿಗಿಯುವ ಹುಡುಗನ ಬೆರಳುಗಳು. ಮೂರು ಗಂಟಿಗೆ ಮೂರು ಫೋಟೋ. ವೇದಿಕೆಯದು ಇನ್ನೊಂದು, ಆಮೇಲೆ ಸೊಂಟವನ್ನಷ್ಟೇ ಹಿಂದಕ್ಕೆ ಹೊರಳಿಸಿ ಮತ್ತೊಂದು ತೆಗೆದಳು.

ಶ್ರೀನಿವಾಸಪ್ಪನವರು ಮದುಮಕ್ಕಳ ಎದುರಿಗೇ ಜಾಗ ಹಿಡಿದಿದ್ದರು. ವೇದಿಕೆಯ ಫೋಟೋ ಆಯಿತು, ಇನ್ನು ಗಂಟಿನದು. ಅಗಲದ ಲೆನ್ಸನ್ನು ಬಿಚ್ಚಿದರು. ಅವರಿಗೆ ಬೇಕಿದ್ದದ್ದು ಎಂಟು ಸೆಕೆಂಡು. ಕದಿರೇಶನಿಗೆ ಎರಡೇ ಸಾಕಾಯಿತು: ಮದುಮಗಳ ತಲೆಗೆಂದು ಅವನು ಎಸೆದ ಅಕ್ಷತೆಯಲ್ಲಿ ಅರ್ಧ ಹಿಡಿ ಕ್ಯಾಮೆರಾದ ತೆರೆದ ಬಾಯಿಗೆ ಬಿತ್ತು. ಶ್ರೀನಿವಾಸಪ್ಪ ಹೊಸ ಲೆನ್ಸು ಹಾಕಿ ಒತ್ತಿದರು. ಶಟರ್ ಕರ್ರ್ ಎಂದು ಅರಿಶಿನದಕ್ಕಿ ಅಗಿದು, ನಿಂತುಹೋಯಿತು.

ಊಟದ ಹೊತ್ತಿಗೆ ಅವರು ಮೌನಿಕಾಳ ಕ್ಯಾಮೆರಾದ ಪರದೆಯಲ್ಲಿ ತಪ್ಪು ಹುಡುಕುತ್ತಿದ್ದರು. ಮೊದಲ ಗಂಟು ಇತ್ತು. ಎರಡನೆಯದಿತ್ತು. ಮೂರನೆಯದೂ ಇತ್ತು, ಹುಡುಗನ ಹಣೆಯ ಬೆವರಿನ ಸಮೇತ. ಆಮೇಲಿನದರಲ್ಲಿ ವೇದಿಕೆಯ ನಟ್ಟನಡುವೆ ಸ್ವತಃ ಶ್ರೀನಿವಾಸಪ್ಪನವರಿದ್ದರು: ಎರಡು ಕೈಯಲ್ಲಿ ಎರಡು ಲೆನ್ಸು, ತಲೆಯ ತುಂಬ ಅಕ್ಷತೆ, ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾದ ಬಾಯಿಯಷ್ಟೇ ಅಗಲವಾಗಿ ತೆರೆದ ಬಾಯಿ.

"ಇದನ್ನ ಡಿಲೀಟ್ ಮಾಡಮ್ಮ."

"ಒಂದೇ ಒಂದು ತಪ್ಪಿದ್ರೂ ಅಂದಿದ್ರಲ್ಲ ಸಾರ್."

ಕೊನೆಯದು ಊಟದ ಹಾಲಿನ ಬಾಗಿಲು. ಟ್ಯೂಬ್‌ಲೈಟ್ ತಲುಪದ ಆ ಮೂಲೆಯಲ್ಲಿ ದೊಡ್ಡಮುನಿಯಮ್ಮ ಸ್ಪಷ್ಟವಾಗಿದ್ದರು. ಕುರ್ಚಿಯಿಂದ ಅರ್ಧ ಎದ್ದ ಮೈ, ಮುಂದಕ್ಕೆ ಚಾಚಿದ ಕೈ, ಕೈ ಬಿಟ್ಟು ಇನ್ನೂ ನೆಲ ಮುಟ್ಟದ ನಾಲ್ಕು ಕಾಳು. ಮೌನಿಕಾ ಕ್ಯಾಮೆರಾ ತೆಗೆದುಕೊಂಡು ಹೋಗಿ ಅಜ್ಜಿಯ ಮಡಿಲಲ್ಲಿಟ್ಟಳು.

ಅಜ್ಜಿ ಪರದೆಯನ್ನು ಕಣ್ಣ ಹತ್ತಿರಕ್ಕೆ ತಂದುಕೊಂಡರು. "ನನ್ನ ಮಗನ ಮದುವೇಲೂ ಹಿಂಗೇ ಬಾಗ್ಲಲ್ಲಿ ಕುಂತಿದ್ದೆ ಕಣಮ್ಮ. ಆಲ್ಬಮ್‌ನಾಗೆ ಎಲ್ಲೂ ನಾನಿಲ್ಲ."

"ಅದನ್ನ ಯಾರು ತೆಗ್ದಿದ್ರು ಅಜ್ಜಿ?"

ದೊಡ್ಡಮುನಿಯಮ್ಮ ಗದ್ದವನ್ನು ಶ್ರೀನಿವಾಸಪ್ಪನವರ ಕಡೆ ಎತ್ತಿದರು. "ಇವ್ರೇ. ಆಗ ಇನ್ನೂ ಕಾಲು ಗಟ್ಟಿಯಾಗಿದ್ವು ಇವ್ರಿಗೆ."

ಮುಂದಿನ ಭಾನುವಾರ ಬೈರಕೂರಿನ ಮದುವೆಯಲ್ಲಿ ಮೌನಿಕಾಳ ಬ್ಯಾಗನ್ನು ಶ್ರೀನಿವಾಸಪ್ಪನವರು ಹಿಡಿದಿದ್ದರು. ಲೆನ್ಸು ಕ್ಯಾಮೆರಾದಲ್ಲೇ ಇದ್ದುದರಿಂದ ಬ್ಯಾಗು ಹಗುರವಾಗಿತ್ತು.