ಇನ್ನೂರ ನಲವತ್ತು ಮರಿಗಳು

ಮೂರನೆಯ ಸಲವೂ ಇಪ್ಪತ್ತೊಂದು ದಿನ ಕಳೆದವು. ಒಂದು ಮರಿಯೂ ಹೊರಬರಲಿಲ್ಲ.

ಕೋಳಿಮರಿ ಮಾಡಿಸುವ ಕೇಂದ್ರದ ಕಾವುಪೆಟ್ಟಿಗೆಗೆ ಹೊಸ ಪ್ರೋಗ್ರಾಮು ಬರೆದದ್ದು ಎಐ. ಅದನ್ನು ಪರೀಕ್ಷಿಸುವ ನಾಲ್ಕು ಸಾವಿರ ಟೆಸ್ಟುಗಳನ್ನು ಬರೆದದ್ದು ಇನ್ನೊಂದು ಎಐ. ಪರದೆಯ ಮೇಲೆ ಎಲ್ಲವೂ ಪಾಸು, ಎಲ್ಲವೂ ಹಸಿರು. ಸಾಲು ಸಾಲಾಗಿ ಓದಿ ಸಹಿ ಹಾಕುವುದಷ್ಟೇ ಮನುಷ್ಯನ ಪಾಲಿಗೆ ಉಳಿದ ಕೆಲಸ. ಆ ಮನುಷ್ಯನನ್ನು ಎಲ್ಲರೂ ಜರಡಿ ಎನ್ನುತ್ತಿದ್ದರು. ನಾಲ್ಕನೆಯ ಸಲವೂ ಹೀಗಾದರೆ ಬೇರೆ ಕೆಲಸ ನೋಡಿಕೋ ಎಂದು ಮಾಲೀಕರು ಹೇಳಿಯಾಗಿತ್ತು.

ಪರೀಕ್ಷೆಯ ಮುಖ್ಯಸ್ಥರು ಆಸ್ಪತ್ರೆಗಳ ಪ್ರೋಗ್ರಾಮು ಪರೀಕ್ಷಿಸಿ ಪಳಗಿದವರು. ಹತ್ತು ವರ್ಷದಲ್ಲಿ ಒಬ್ಬ ನಿಜವಾದ ರೋಗಿಯ ಹೆಸರನ್ನೂ ಟೆಸ್ಟಿಗೆ ಬಳಸಿರಲಿಲ್ಲವೆಂಬುದು ಅವರ ಹೆಮ್ಮೆ. ಪೆಟ್ಟಿಗೆಯಿದ್ದ ಕೋಣೆಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು; ಒಳಗಿನ ಲೆಕ್ಕ ಉಳಿದವರಿಗೆ ಕಾಣುತ್ತಿದ್ದದ್ದು ಹೊರಗಿನ ಪರದೆಯಲ್ಲಿ ಮಾತ್ರ.

ಜರಡಿ ತನ್ನ ಅತ್ತಿಗೆಯ ಬಳಿಗೆ ಹೋದ. ಅದೇ ಕೇಂದ್ರದ ಹಳೆಯ ಶೆಡ್ಡಿನಲ್ಲಿ ಆಕೆ ಮೂವತ್ತು ವರ್ಷದಿಂದ ಮರಿ ಮಾಡಿಸುತ್ತಿದ್ದಳು. ಅವನು ಪ್ರೋಗ್ರಾಮನ್ನು ಬಿಡಿಸಿ ಹೇಳಿದ. ಕಾವು ಮೂವತ್ತೇಳೂವರೆ ಡಿಗ್ರಿ. ಗಂಟೆಗೊಮ್ಮೆ ಮೊಟ್ಟೆ ಹೊರಳಿಸುವುದು. ಹದಿನೆಂಟನೆಯ ದಿನದಿಂದ ಹೊರಳಿಸುವುದು ಬಂದ್. ಆಕೆ ಟ್ರೇ ಒರೆಸುತ್ತಲೇ ಕೇಳಿಸಿಕೊಂಡಳು.

“ನಾನೂ ಇದನ್ನೇ ಅಲ್ವೇನಪ್ಪಾ ಮಾಡೋದು? ಕೊಳೆತ ವಾಸನೆ ಬಂತಾ?”

“ಬಾಗಿಲ ಸಂದೀಲೂ ಒಂಚೂರೂ ಇಲ್ಲ ಅತ್ತಿಗೆ.”

“ಅಷ್ಟು ದಿನ ಕಾವಲ್ಲಿಟ್ಟಿದ್ದು ಒಂದೂ ಕೊಳೀಲಿಲ್ವಾ? ನಂಗೊಂದ್ಸಲ ಒಳಗೆ ಬಿಡ್ಸು ನೋಡೋಣ.”

ಮುಖ್ಯಸ್ಥರು ಒಪ್ಪಲಿಲ್ಲ. ಟೆಸ್ಟು ನಡೆಯುವಾಗ ಹೊರಗಿನವರ ಕೈ ತಾಗಿದರೆ ಫಲಿತಾಂಶ ಕೆಡುತ್ತದಂತೆ.

ಜರಡಿ ಸೋತು ಎಐಗೆ ಬರೆದ: ಏನು ಮಾಡುತ್ತೀಯೋ ಮಾಡು, ಇಪ್ಪತ್ತೊಂದನೆಯ ದಿನ ಮರಿ ಬರಲೇಬೇಕು. ಎಐ ಕ್ಷಮೆ ಕೇಳಿ, ತಪ್ಪು ಸಿಕ್ಕಿತೆಂದು ಹೇಳಿ, ಒಂದು ಸಾಲು ಸೇರಿಸಿತು. ದಿನ ಇಪ್ಪತ್ತೊಂದಾದರೆ, ಮರಿಗಳ ಸಂಖ್ಯೆ ಮೊಟ್ಟೆಗಳ ಸಂಖ್ಯೆಗೆ ಸಮ.

ಆ ಒಂದು ಸಾಲನ್ನು ಅವನು ಬೆಳಗಿನಿಂದ ಊಟದ ಹೊತ್ತಿನವರೆಗೆ ನೋಡಿದ. ಮನೆಯ ನೆನಪಾಯಿತು. ಸಹಿ ಹಾಕಿದ.

ಇಪ್ಪತ್ತೊಂದನೆಯ ದಿನ ಹೊರಗಿನ ಪರದೆಯಲ್ಲಿ ಮೂಡಿತು: ಮರಿಗಳು, ಇನ್ನೂರ ನಲವತ್ತು. ಮಾಲೀಕರು ಜರಡಿಯ ಬೆನ್ನು ತಟ್ಟಿ, ಇನ್ನು ನಿನ್ನ ಕೆಲಸಕ್ಕೆ ಭಯವಿಲ್ಲ ಎಂದರು. ಟೆಸ್ಟು ಮುಗಿಯಿತೆಂದು ಮುಖ್ಯಸ್ಥರು ಬೀಗ ತೆಗೆದರು.

ಮರಿ ತುಂಬಿಕೊಳ್ಳಲು ಬುಟ್ಟಿ ಹಿಡಿದು ಅತ್ತಿಗೆ ಮೊದಲು ಒಳಗೆ ಹೋದಳು. ಟ್ರೇಗಳಲ್ಲಿ ಮೊಟ್ಟೆಗಳು ಇಟ್ಟದ್ದು ಇಟ್ಟಂತೆಯೇ ಇದ್ದವು. ಜರಡಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಆಕೆ ಒಂದನ್ನು ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಹಾಗೇ ಕೆಳಗೆ ಬಿಟ್ಟಳು. ಅದು ನೆಲಕ್ಕೆ ಬಿದ್ದು ಎರಡು ಸಲ ಪುಟಿದು, ಉರುಳುತ್ತ ಮಾಲೀಕರ ಕಾಲಬಳಿ ನಿಂತಿತು.

ಮುಖ್ಯಸ್ಥರು ಬಗ್ಗಿ ಎತ್ತಿಕೊಂಡು, ಅಂಗಿಯ ತುದಿಯಲ್ಲಿ ಧೂಳು ಒರೆಸಿದರು. “ಏನಮ್ಮಾ ನೀವು, ಟೆಸ್ಟಿಂಗಿಗೆ ಯಾರಾದ್ರೂ ನಿಜವಾದ ಮೊಟ್ಟೆ ಇಡ್ತಾರಾ?”